ಎಐ ಕೈಗೆ ಪುಸ್ತಕದ ಕ್ಯಾಟಲಾಗ್ ಕೊಡುವುದು ಹೇಗೆ: ಕಾಸರಗೋಡಿನ ಒಂದು ಗ್ರಂಥಾಲಯದಿಂದ

ಎಐ ಹತ್ತಿರ ಕನ್ನಡ ಪುಸ್ತಕದ ಬಗ್ಗೆ ಏನಾದರೂ ಕೇಳುವ ಮೊದಲು ಅದರ ಕೈಗೆ ಒಂದು ಕ್ಯಾಟಲಾಗ್ ಕೊಡಿ. ಕೊಡದೆ ಕೇಳಿದರೆ ಅದು ನೆನಪಿನಿಂದ ಹೇಳುತ್ತದೆ. ಇಂಗ್ಲಿಷ್ ಪುಸ್ತಕಗಳ ಬಗ್ಗೆ ನೆಟ್ಟಿನಲ್ಲಿ ರಾಶಿ ಬರಹ ಇದೆ, ಹಾಗಾಗಿ ಅಲ್ಲಿ ಆ ನೆನಪು ಜಾಸ್ತಿ ಸಲ ಸರಿ ಇರುತ್ತದೆ. ಕನ್ನಡದ್ದು ಹಾಗಲ್ಲ. ಅದರಲ್ಲೂ ಗಡಿಯ ಈಚೆ ಕೇರಳದಲ್ಲಿರುವ ನಮ್ಮ ಕಾಸರಗೋಡಿನ ಲೇಖಕರ ವಿಷಯ ಬಂದರೆ, ಇಲ್ಲದ ಪುಸ್ತಕದ ಹೆಸರು, ಯಾರದ್ದೋ ಹುಟ್ಟಿದ ವರ್ಷ, ಯಾವುದೋ ಪ್ರಕಾಶನ, ಎಲ್ಲವನ್ನೂ ಒಂದೇ ಧೈರ್ಯದಲ್ಲಿ ಹೇಳಿಬಿಡುತ್ತದೆ.

ನಾನು ಬದಿಯಡ್ಕದ ಹತ್ತಿರ ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್ ಆಗಿದ್ದೆ. ಈಗ ಸಂಜೆ ಹೊತ್ತು ಊರಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಒಂದು ಬದಿಯ ಕಪಾಟುಗಳಲ್ಲಿ ಕನ್ನಡ, ಇನ್ನೊಂದು ಬದಿಯಲ್ಲಿ ಮಲಯಾಳಂ. ಸ್ಟಾಕ್ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಡೆಯುತ್ತಿದೆ. ಹಳೆಯ ಪುಸ್ತಕಗಳಲ್ಲಿ ಕೆಲವಕ್ಕೆ ಮೊದಲ ಪುಟವೇ ಇಲ್ಲ, ಕೆಲವದರಲ್ಲಿ ಅಚ್ಚಾದ ವರ್ಷ ಇಲ್ಲ. ಇದರ ನಡುವೆ ಪ್ಲಸ್ ಟು ಮಕ್ಕಳು ಪ್ರಾಜೆಕ್ಟ್ ಹಿಡಿದುಕೊಂಡು ಬರುತ್ತಾರೆ. "ಟೀಚರೇ, ಇವರು ಯಾವಾಗ ಹುಟ್ಟಿದ್ದು? ಬೇರೆ ಏನೆಲ್ಲ ಬರೆದಿದ್ದಾರೆ?" ಎಂದು ಕೇಳುತ್ತಾರೆ. ಇದಕ್ಕೆಲ್ಲ ನಾನು ಎಐ ಬಳಸುತ್ತೇನೆ. ಆದರೆ ಓಪನ್ ಲೈಬ್ರರಿಗೆ ಜೋಡಿಸಿಕೊಂಡೇ ಬಳಸುತ್ತೇನೆ. ಆ ಜೋಡಣೆ ಹೇಗೆ ಎಂದು ಇಲ್ಲಿ ಬರೆದಿದ್ದೇನೆ.

ಓಪನ್ ಲೈಬ್ರರಿಯನ್ನೇ ಆರಿಸಿದ್ದು ಯಾಕೆ

ಓಪನ್ ಲೈಬ್ರರಿ ಇಂಟರ್‌ನೆಟ್ ಆರ್ಕೈವ್ ನಡೆಸುವ ಕ್ಯಾಟಲಾಗ್. ಪ್ರಕಟವಾದ ಪ್ರತಿಯೊಂದು ಪುಸ್ತಕಕ್ಕೂ ಒಂದು ಪುಟ ಇರಬೇಕು ಎಂಬುದು ಅವರ ಗುರಿ. ಮಾಹಿತಿ ಓದುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಒಂದು ಪ್ರೋಗ್ರಾಂ ಇನ್ನೊಂದರಿಂದ ಮಾಹಿತಿ ಕೇಳುವ ದಾರಿಗೆ ಎಪಿಐ ಎನ್ನುತ್ತಾರೆ, ಇಲ್ಲಿ ಅದಕ್ಕೆ ಕೀ ಕೂಡ ಬೇಡ. ಗೂಗಲ್ ಬುಕ್ಸ್‌ಗೂ ಎಪಿಐ ಇದೆ, ಅದೂ ಉಪಯೋಗದ್ದೇ. ಆದರೆ ಅಲ್ಲಿ ತಪ್ಪು ಕಂಡರೆ ನಾವೇ ತಿದ್ದುವ ಹಾಗಿಲ್ಲ. ಓಪನ್ ಲೈಬ್ರರಿಯಲ್ಲಿ ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ಪುಸ್ತಕ ಸೇರಿಸಬಹುದು, ತಿದ್ದಬಹುದು. ನಮ್ಮಂಥ ಕಡೆಯವರಿಗೆ ಇದು ಬಹಳ ದೊಡ್ಡ ವಿಷಯ.

ಅಲ್ಲಿನ ದಾಖಲೆಗಳಲ್ಲಿ ಮೂರು ಬಗೆ ಇವೆ. ಇದನ್ನು ಮೊದಲೇ ತಿಳಿದುಕೊಂಡರೆ ಮುಂದಿನದ್ದೆಲ್ಲ ಸುಲಭ. ಲೇಖಕರ ಐಡಿ 'ಎ' ಅಕ್ಷರದಲ್ಲಿ ಮುಗಿಯುತ್ತದೆ. ಕೃತಿಯ ಐಡಿ 'ಡಬ್ಲ್ಯೂ'ದಲ್ಲಿ, ಒಂದೊಂದು ಆವೃತ್ತಿಯ ಐಡಿ 'ಎಂ'ನಲ್ಲಿ ಮುಗಿಯುತ್ತದೆ. ಎಲ್ಲದರ ಮೊದಲಿಗೆ 'ಓಎಲ್' ಇರುತ್ತದೆ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಒಂದು ಕೃತಿ. ಅದರ ಒಂದೊಂದು ಮುದ್ರಣವೂ, ಒಂದೊಂದು ಅನುವಾದವೂ ಒಂದೊಂದು ಆವೃತ್ತಿ. ಎಐ ಕೊಟ್ಟ ಐಡಿಯ ಕೊನೆಯ ಅಕ್ಷರ ನೋಡಿದರೆ ಸಾಕು, ಅದು ಯಾವುದರ ಬಗ್ಗೆ ಮಾತಾಡುತ್ತಿದೆ ಎಂದು ಗೊತ್ತಾಗುತ್ತದೆ.

ಜೋಡಿಸುವ ಕೆಲಸ

ಎಐ ಮತ್ತು ಡೇಟಾಬೇಸ್ ಮಾತಾಡಿಕೊಳ್ಳುವುದಕ್ಕೆ ಎಂಸಿಪಿ ಎಂಬ ಒಂದು ಕ್ರಮ ಇದೆ. ಪೂರ್ತಿ ಹೆಸರು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್. ಆಂಥ್ರೋಪಿಕ್ ಕಂಪನಿ ಇದನ್ನು 2024ರ ನವೆಂಬರಿನಲ್ಲಿ ಹೊರತಂದಿತು. ಯಾರು ಬೇಕಾದರೂ ಬಳಸಬಹುದಾದ ಕ್ರಮ ಇದು. ಮೊದಲು ಪ್ರತಿ ಎಐಗೂ ಪ್ರತಿ ಡೇಟಾಬೇಸಿಗೂ ಬೇರೆ ಬೇರೆ ಪ್ರೋಗ್ರಾಂ ಬರೆಯಬೇಕಿತ್ತು. ಈಗ ಡೇಟಾಬೇಸಿಗೆ ಒಂದು ಎಂಸಿಪಿ ಸರ್ವರ್ ಬರೆದಿಟ್ಟರೆ, ಎಂಸಿಪಿ ಗೊತ್ತಿರುವ ಯಾವ ಎಐ ಆದರೂ ಅದನ್ನು ಬಳಸಬಹುದು. ಸರ್ವರ್ ಎಂದ ಕೂಡಲೇ ದೊಡ್ಡ ಮೆಷಿನ್ ನೆನಪಾಗುವುದು ಬೇಡ. ನಮ್ಮದೇ ಲ್ಯಾಪ್‌ಟಾಪಿನಲ್ಲಿ ಓಡುವ ಸಣ್ಣ ಪ್ರೋಗ್ರಾಂ ಅದು.

ಓಪನ್ ಲೈಬ್ರರಿಗೆ ಇಂಥ ಸರ್ವರನ್ನು ಒಬ್ಬರು ಆಗಲೇ ಬರೆದು, ಪ್ರೋಗ್ರಾಂಗಳನ್ನು ಹಂಚಿಕೊಳ್ಳುವ ಗಿಟ್‌ಹಬ್ ಎಂಬ ವೆಬ್‌ಸೈಟಿನಲ್ಲಿ ಇಟ್ಟಿದ್ದಾರೆ. ಹೆಸರು 'ಎಂಸಿಪಿ ಓಪನ್ ಲೈಬ್ರರಿ'. ಪುಸ್ತಕದ ಹೆಸರಿನಿಂದ ಹುಡುಕುವುದು, ಲೇಖಕರ ಹೆಸರಿನಿಂದ ಹುಡುಕುವುದು, ಲೇಖಕರ ಐಡಿ ಕೊಟ್ಟರೆ ಅವರ ವಿವರ ತರುವುದು, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕೊಟ್ಟರೆ ಪುಸ್ತಕ ತರುವುದು, ಮುಖಪುಟದ ಮತ್ತು ಲೇಖಕರ ಫೋಟೋ ತರುವುದು ಅದರ ಕೆಲಸ. ಓದುವುದು ಮಾತ್ರ. ಕ್ಯಾಟಲಾಗಿನಲ್ಲಿ ಏನನ್ನೂ ಬದಲಾಯಿಸುವುದಿಲ್ಲ. ಹಾಗಾಗಿ ಹೆದರದೆ ಪ್ರಯೋಗ ಮಾಡಬಹುದು.

ಮೊದಲು ಕಂಪ್ಯೂಟರಿಗೆ ನೋಡ್ ಜೆಎಸ್ ಹಾಕಿಕೊಳ್ಳಿ, ಈ ಸರ್ವರ್ ಓಡುವುದಕ್ಕೆ ಅದು ಬೇಕು. ಅದರ ವೆಬ್‌ಸೈಟಿನಲ್ಲಿ 'ಎಲ್‌ಟಿಎಸ್' ಎಂದು ಬರೆದದ್ದನ್ನೇ ಇಳಿಸಿಕೊಳ್ಳಿ. ಆಮೇಲೆ ಎಂಸಿಪಿ ಗೊತ್ತಿರುವ ಎಐ ಆ್ಯಪ್ ಬೇಕು. ನಾನು ಬಳಸುವುದು ಕ್ಲಾಡ್ ಡೆಸ್ಕ್‌ಟಾಪ್, ಅದರ ಲೆಕ್ಕದಲ್ಲೇ ಹೇಳುತ್ತೇನೆ. ಆ್ಯಪಿನ ಸೆಟ್ಟಿಂಗ್ಸ್‌ಗೆ ಹೋಗಿ, 'ಡೆವಲಪರ್' ಒತ್ತಿ, 'ಎಡಿಟ್ ಕಾನ್ಫಿಗ್' ಒತ್ತಿ. ಒಂದು ಫೋಲ್ಡರ್ ತೆರೆಯುತ್ತದೆ. ಹೆಸರಿನ ಕೊನೆಗೆ 'ಕಾನ್ಫಿಗ್' ಎಂದಿರುವ ಜೇಸನ್ ಫೈಲ್ ಅದರಲ್ಲಿರುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ವರ್ಡ್‌ನಲ್ಲಿ ತೆರೆಯಬೇಡಿ. ವರ್ಡ್ ನೇರ ಉದ್ಧರಣ ಚಿಹ್ನೆಗಳನ್ನು ಡೊಂಕು ಮಾಡಿಬಿಡುತ್ತದೆ, ಆಮೇಲೆ ಫೈಲ್ ಓದಲಿಕ್ಕೇ ಆಗುವುದಿಲ್ಲ.

ಫೈಲಿನೊಳಗೆ ಹಾಕಬೇಕಾದ ಸಾಲುಗಳು ಗಿಟ್‌ಹಬ್ ಪುಟದಲ್ಲೇ ಇವೆ. ಕೈಯಲ್ಲಿ ಟೈಪ್ ಮಾಡುವುದಕ್ಕಿಂತ ಅಲ್ಲಿಂದ ಕಾಪಿ ಮಾಡುವುದು ಒಳ್ಳೆಯದು. ಸಾಲುಗಳ ಅರ್ಥ ಮಾತ್ರ ತಿಳಿದಿರಲಿ. ಹೊರಗಿನ ಆವರಣದ ಹೆಸರು 'ಎಂಸಿಪಿ ಸರ್ವರ್ಸ್'. ಇಂಗ್ಲಿಷಿನಲ್ಲಿ ಜಾಗ ಬಿಡದೆ ಬರೆಯಬೇಕು, ಸರ್ವರ್ಸ್ ಎಂಬುದರ ಮೊದಲ ಎಸ್ ಮಾತ್ರ ದೊಡ್ಡ ಅಕ್ಷರ. ಅದರೊಳಗೆ ಈ ಸರ್ವರಿಗೆ ನೀವು ಇಡುವ ಹೆಸರು. ಅದರೊಳಗೆ ಎರಡು ಸಂಗತಿ: 'ಕಮಾಂಡ್' ಎಂದರೆ ಯಾವ ಪ್ರೋಗ್ರಾಂ ಓಡಿಸಬೇಕು, 'ಆರ್ಗ್ಸ್' ಎಂದರೆ ಆ ಪ್ರೋಗ್ರಾಮಿಗೆ ಏನು ಹೇಳಬೇಕು. ಆಗಲೇ ಬೇರೆ ಸರ್ವರ್ ಹಾಕಿದ್ದರೆ ಎರಡರ ನಡುವೆ ಒಂದು ಅಲ್ಪವಿರಾಮ ಬೇಕು. ಕೊನೆಯದರ ನಂತರ ಬೇಡ.

ವಿಂಡೋಸ್ ಇರುವವರಿಗೆ ಎರಡು ಮಾತು. ಫೋಲ್ಡರಿನ ದಾರಿ ಬರೆಯುವಾಗ ಹಿಂದಕ್ಕೆ ವಾಲಿದ ಗೀಟನ್ನು ಎರಡೆರಡು ಸಲ ಹಾಕಬೇಕು. ನೋಡ್ ಜೆಎಸ್ ಜೊತೆ ಬರುವ 'ಎನ್‌ಪಿಎಕ್ಸ್' ಸಿಗುತ್ತಿಲ್ಲ ಎಂಬ ಎರರ್ ಬಂದರೆ, ಕಮಾಂಡ್ ಜಾಗದಲ್ಲಿ 'ಸಿಎಂಡಿ' ಹಾಕಿ. ಆರ್ಗ್ಸ್‌ನ ಮೊದಲಿಗೆ ಮುಂದಕ್ಕೆ ವಾಲಿದ ಗೀಟು ಮತ್ತು 'ಸಿ', ಅದರ ಹಿಂದೆಯೇ 'ಎನ್‌ಪಿಎಕ್ಸ್' ಬರಲಿ. ಹೆಚ್ಚಿನ ತೊಂದರೆ ಇದರಲ್ಲೇ ಮುಗಿಯುತ್ತದೆ.

ಸೇವ್ ಮಾಡಿ ಆ್ಯಪನ್ನು ಪೂರ್ತಿ ಮುಚ್ಚಿ. ಕಿಟಕಿ ಮುಚ್ಚಿದರೆ ಸಾಲದು. ಕೆಳಗೆ ಗಡಿಯಾರದ ಹತ್ತಿರ ಅದರ ಗುರುತು ಉಳಿದಿರುತ್ತದೆ, ಅಲ್ಲಿಂದಲೂ ಕ್ವಿಟ್ ಮಾಡಿ. ಮತ್ತೆ ತೆರೆದಾಗ ಅದೇ ಡೆವಲಪರ್ ಪುಟದಲ್ಲಿ ಹೊಸ ಸರ್ವರ್ ಓಡುತ್ತಿರುವುದು ಕಾಣಬೇಕು. ಕಾಣದಿದ್ದರೆ ಎರರ್ ಕೂಡ ಅಲ್ಲೇ ಸಿಗುತ್ತದೆ.

ಒಂದು ಎಚ್ಚರಿಕೆ. ಇದು ಬೇರೆಯವರು ಬರೆದ ಪ್ರೋಗ್ರಾಂ, ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆ. ಸದಸ್ಯರ ವಿಳಾಸ, ಫೋನ್ ನಂಬರ್ ಇಟ್ಟಿರುವ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕಂಡಕಂಡ ಸರ್ವರ್‌ಗಳನ್ನು ಹಾಕಬೇಡಿ. ನಾನು ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಮಾತ್ರ ಹಾಕಿಕೊಂಡಿದ್ದೇನೆ. ಸರಕಾರಿ ಸೇವೆ ಕೊಡುವ ಅಕ್ಷಯ ಕೇಂದ್ರದ ಕಂಪ್ಯೂಟರಿನಲ್ಲಿ ಇದನ್ನೆಲ್ಲ ಹಾಕಿಸಲೇಬೇಡಿ, ಅಲ್ಲಿ ಊರವರ ಆಧಾರ್, ರೇಷನ್ ಕಾರ್ಡ್ ಕೆಲಸ ನಡೆಯುತ್ತದೆ.

ಕೇಳುವ ರೀತಿ

ಜೋಡಿಸಿದ ಮಾತ್ರಕ್ಕೆ ಎಐ ಕ್ಯಾಟಲಾಗ್ ನೋಡಿಯೇ ಹೇಳುತ್ತದೆ ಎಂದಲ್ಲ. ತನಗೆ ಗೊತ್ತು ಅನ್ನಿಸಿದರೆ ನೋಡದೆಯೂ ಹೇಳಬಹುದು. ಇನ್ನೂ ಕಷ್ಟದ್ದು ಯಾವುದೆಂದರೆ, ಅರ್ಧ ಕ್ಯಾಟಲಾಗಿನದ್ದು, ಅರ್ಧ ನೆನಪಿನದ್ದು ಸೇರಿಸಿ ಒಂದೇ ಪ್ಯಾರಾದಲ್ಲಿ ಬರೆದುಬಿಡುವುದು. ಓದುವವರಿಗೆ ಯಾವುದು ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಅದಕ್ಕೇ ನಾನು ಪ್ರತಿ ಸಲ ಮೊದಲಿಗೆ ಇದನ್ನು ಹಾಕುತ್ತೇನೆ:

"ಓಪನ್ ಲೈಬ್ರರಿಯಲ್ಲಿ ಮಾತ್ರ ಹುಡುಕು. ಹೆಸರನ್ನು ಕನ್ನಡ ಲಿಪಿಯಲ್ಲಿ, ಸಾಮಾನ್ಯ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ, ಲೈಬ್ರರಿ ಆಫ್ ಕಾಂಗ್ರೆಸ್ ಸ್ಪೆಲ್ಲಿಂಗಿನಲ್ಲಿ, ಮೂರೂ ರೀತಿಯಲ್ಲಿ ಹುಡುಕು. ಪ್ರತಿ ಮಾತಿನ ಮುಂದೆ ಅದು ಸಿಕ್ಕಿದ ದಾಖಲೆಯ ಐಡಿ ಬರೆ. ಸಿಗದಿದ್ದರೆ ಸಿಗಲಿಲ್ಲ ಎಂದು ಹೇಳು. ನಿನ್ನ ನೆನಪಿನಿಂದ ಏನನ್ನೂ ಸೇರಿಸಬೇಡ."

ಲೈಬ್ರರಿ ಆಫ್ ಕಾಂಗ್ರೆಸ್ ಸ್ಪೆಲ್ಲಿಂಗ್ ಎಂದರೆ ಏನು ಎಂದು ಮುಂದೆ ಹೇಳುತ್ತೇನೆ. ಮೊದಲ ಸಲ ಹುಡುಕುವಾಗ ಆ್ಯಪ್ ಅನುಮತಿ ಕೇಳುತ್ತದೆ, ಕೊಡಿ. ಉತ್ತರದ ಮೇಲೆ ಯಾವ ಟೂಲ್ ಬಳಸಿತು ಎಂದು ಸಣ್ಣ ಸಾಲು ಕಾಣಿಸುತ್ತದೆ. ಅದನ್ನು ಒತ್ತಿದರೆ ಓಪನ್ ಲೈಬ್ರರಿ ಕಳಿಸಿದ ಮಾಹಿತಿ ಇದ್ದ ಹಾಗೆಯೇ ತೆರೆದುಕೊಳ್ಳುತ್ತದೆ. ಶುರುವಿನಲ್ಲಿ ಇದನ್ನು ತೆರೆದು, ಎಐ ಬರೆದ ಉತ್ತರದ ಜೊತೆ ಸಾಲು ಸಾಲಾಗಿ ಹೋಲಿಸಿ ನೋಡಿ. ಮಕ್ಕಳಿಗೂ ನಾನು ಮೊದಲು ಕಲಿಸುವುದು ಇದನ್ನೇ. ಆ ಸಾಲು ಇಲ್ಲದಿದ್ದರೆ ಎಐ ಹುಡುಕಲೇ ಇಲ್ಲ ಎಂದರ್ಥ.

ನಿಮಗೆ ಚೆನ್ನಾಗಿ ಗೊತ್ತಿರುವ ಲೇಖಕರಿಂದ ಪರೀಕ್ಷೆ ಶುರು ಮಾಡಿ. ನಾನು ಮಂಜೇಶ್ವರ ಗೋವಿಂದ ಪೈಗಳಿಂದ ಶುರು ಮಾಡಿಸುತ್ತೇನೆ. 1883ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡವರು. ಗಿಳಿವಿಂಡು ಎಂದರೆ ಏನು ಎಂದು ಕೇಳಿಸುತ್ತೇನೆ. ಅದು ಅವರ ಕವನ ಸಂಕಲನ, ಮಂಜೇಶ್ವರದಲ್ಲಿರುವ ಅವರ ಸ್ಮಾರಕದ ಹೆಸರೂ ಅದೇ. ಕ್ಯಾಟಲಾಗ್ ನೋಡಿ ಹೇಳುವ ಎಐ ಪುಸ್ತಕವನ್ನು ಮಾತ್ರ ಹೇಳಬೇಕು. ಸ್ಮಾರಕದ ಬಗ್ಗೆಯೂ ಮಾತಾಡಿದರೆ ನೆನಪು ಬೆರೆಸಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಸ್ಪೆಲ್ಲಿಂಗ್ ಮೇಲೆ ಜಾಸ್ತಿ ಹೊತ್ತು ಕೊಡಿ

ಕನ್ನಡ ಪುಸ್ತಕ ಸಿಗದೆ ಹೋಗುವುದಕ್ಕೆ ದೊಡ್ಡ ಕಾರಣ ಸ್ಪೆಲ್ಲಿಂಗ್. ಪುಸ್ತಕ ಅಲ್ಲಿ ಇರುತ್ತದೆ, ನಾವು ಬೇರೆ ಬಾಗಿಲು ತಟ್ಟುತ್ತಿರುತ್ತೇವೆ. ಓಪನ್ ಲೈಬ್ರರಿಯಲ್ಲಿರುವ ಕನ್ನಡ ದಾಖಲೆಗಳಲ್ಲಿ ತುಂಬಾ ಮಟ್ಟಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಿಂದ ಬಂದವು. ಅವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಕ್ಕೆ ಒಂದು ಕಟ್ಟುನಿಟ್ಟಿನ ಕ್ರಮ ಇಟ್ಟುಕೊಂಡಿದ್ದಾರೆ. ನಾವು ಬರೆಯುವ ರೀತಿಗೂ ಅದಕ್ಕೂ ಸಂಬಂಧ ಕಡಿಮೆ.

ಅವರ ಕ್ರಮದಲ್ಲಿ 'ಚ'ಗೆ ಬರೀ 'ಸಿ'. 'ಸಿಎಚ್' ಹಾಕಿದರೆ ಅದು ಮಹಾಪ್ರಾಣದ 'ಛ'. ಹಾಗಾಗಿ ಚಂದ್ರಗಿರಿ ಎಂಬುದು 'ಸಿ'ಯಿಂದ ಶುರುವಾಗಿ ನೇರ 'ಎ'ಗೆ ಹೋಗುತ್ತದೆ. ದೀರ್ಘ ಸ್ವರಗಳ ಮೇಲೆ ಅಡ್ಡ ಗೆರೆ ಬರುತ್ತದೆ, ಎರಡು 'ಓ' ಹಾಕಿ 'ಊ' ಮಾಡುವ ನಮ್ಮ ಅಭ್ಯಾಸ ಅಲ್ಲಿ ಇಲ್ಲ. ಸಾರಾ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರಿಗೆ ಎರಡು 'ಓ' ಹಾಕಿ ಬರೆಯುತ್ತಿದ್ದರು, ಕೊನೆಗೆ 'ಸಿಕೆಇಆರ್'. ಕ್ರಮದ ಪ್ರಕಾರ ಬರೆದರೆ ಒಂದೇ 'ಯು', ಎರಡು 'ಕೆ', ಆಮೇಲೆ 'ಎಆರ್'. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಬೇರೆ ಬೇರೆಯವರ ಹೆಸರಿನ ಹಾಗೆ ಕಾಣುತ್ತದೆ. ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿನ 'ಞ' ಇನ್ನೂ ತೊಡಕು. ಒಬ್ಬರು 'ಎನ್‌ಎಚ್' ಬರೆಯುತ್ತಾರೆ, ಇನ್ನೊಬ್ಬರು 'ಎನ್‌ವೈ' ಬರೆಯುತ್ತಾರೆ, ಕ್ರಮದಲ್ಲಿ 'ಎನ್' ಮೇಲೆ ಒಂದು ಅಲೆ ಗೆರೆ. ಮೂರನ್ನೂ ಹುಡುಕಬೇಕು.

ಈ ಕೆಲಸಕ್ಕೆ ಎಐ ನಿಜವಾಗಿಯೂ ಒಳ್ಳೆಯದು. "ಈ ಹೆಸರನ್ನು ಎಷ್ಟು ರೀತಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿರಬಹುದು, ಪಟ್ಟಿ ಮಾಡು, ಒಂದೊಂದನ್ನೂ ಹುಡುಕು" ಎಂದರೆ ಬೇಸರ ಇಲ್ಲದೆ ಮಾಡುತ್ತದೆ. ನಾವು ಕೂತು ಮಾಡಿದರೆ ಒಂದು ಸಂಜೆ ಅದರಲ್ಲೇ ಹೋಗುತ್ತದೆ. ಒಬ್ಬರೇ ಲೇಖಕರು ಎರಡು ಐಡಿಗಳಲ್ಲಿ ಸಿಕ್ಕಿದರೆ ಎರಡನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಊರಿನ ಹೆಸರು ಮತ್ತು ವರ್ಷ

ನಮ್ಮ ಊರುಗಳ ಹೆಸರಿಗೂ ಇದೇ ಗತಿ. ಮಂಜೇಶ್ವರ, ಮಂಜೇಶ್ವರಂ. ಕುಂಬಳೆ, ಕುಂಬ್ಳ. ಕಾಸರಗೋಡಿಗೆ ಇಂಗ್ಲಿಷಿನಲ್ಲಿ 'ಆರ್' ಆದ ಮೇಲೆ 'ಎ' ಇರುವುದೂ ಉಂಟು, ಇಲ್ಲದಿರುವುದೂ ಉಂಟು. ಪ್ರಕಾಶನದ ಸ್ಥಳ ನೋಡಿ ಹುಡುಕುವಾಗ ಎಲ್ಲವನ್ನೂ ಕೊಡಿ.

ರಾಜ್ಯದ ಹೆಸರಿನಲ್ಲಿ ಇನ್ನೂ ಎಚ್ಚರ ಬೇಕು. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು, ಮದರಾಸಿಗೆ ಸೇರಿತ್ತು. ಆಮೇಲೆ ಕೇರಳಕ್ಕೆ ಹೋಯಿತು, 1984ರಲ್ಲಿ ಬೇರೆ ಜಿಲ್ಲೆಯಾಯಿತು. ಹಾಗಾಗಿ 1915ರಲ್ಲಿ ಹುಟ್ಟಿದ ಕಿಞ್ಞಣ್ಣ ರೈಗಳ ಹುಟ್ಟೂರಿಗೆ ಒಂದು ಕಡೆ ಮದರಾಸು ಪ್ರೆಸಿಡೆನ್ಸಿ ಎಂದಿರಬಹುದು, ಇನ್ನೊಂದು ಕಡೆ ಕೇರಳ ಎಂದಿರಬಹುದು. ಎರಡೂ ಸರಿ. ತಪ್ಪಾಗುವುದು ಎಐ ತಾನಾಗಿ 'ಕರ್ನಾಟಕ' ಎಂದು ತಿದ್ದಿದಾಗ. ಕನ್ನಡದಲ್ಲಿ ಬರೆದವರೆಲ್ಲ ಕರ್ನಾಟಕದವರು ಎಂದು ಅದು ಊಹಿಸಿಬಿಡುತ್ತದೆ. ಇದನ್ನು ನಾನು ಸುಮ್ನೆ ಬಿಡುವುದಿಲ್ಲ. ಕರ್ನಾಟಕದ ಗಡಿಯ ಹೊರಗೆ ಕೂತು ಕನ್ನಡದಲ್ಲೇ ಬರೆದದ್ದು ಈ ಲೇಖಕರ ಬದುಕಿನ ದೊಡ್ಡ ಸಂಗತಿ. ಹಾಗಾಗಿ ನನ್ನ ಸೂಚನೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದೇನೆ: "ಸ್ಥಳದ ಹೆಸರನ್ನು ದಾಖಲೆಯಲ್ಲಿ ಇದ್ದ ಹಾಗೆಯೇ ಕೊಡು, ರಾಜ್ಯವನ್ನು ನೀನು ಸೇರಿಸಬೇಡ."

ವರ್ಷದ ವಿಷಯದಲ್ಲಿ ಓಪನ್ ಲೈಬ್ರರಿಯನ್ನೂ ಪೂರ್ತಿ ನಂಬುವ ಹಾಗಿಲ್ಲ. 'ಮೊದಲು ಪ್ರಕಟವಾದ ವರ್ಷ' ಎಂದು ಅಲ್ಲಿ ಕಾಣುವುದು ಅವರ ಹತ್ತಿರ ಇರುವ ಆವೃತ್ತಿಗಳಲ್ಲಿ ಹಳೆಯದರ ವರ್ಷ. ಮೊದಲ ಮುದ್ರಣ ಅವರ ಹತ್ತಿರ ಇಲ್ಲದಿದ್ದರೆ ಮರುಮುದ್ರಣದ ವರ್ಷವೇ ಮೊದಲ ವರ್ಷವಾಗಿ ಕಾಣುತ್ತದೆ. ಚಂದ್ರಗಿರಿಯ ತೀರದಲ್ಲಿ ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, ಪುಸ್ತಕವಾದದ್ದು ಆಮೇಲೆ. ಧಾರಾವಾಹಿಯ ವರ್ಷ ಪುಸ್ತಕದ ಕ್ಯಾಟಲಾಗಿನಲ್ಲಿ ಇರುವುದಿಲ್ಲ. ಪ್ರಶಸ್ತಿಯ ವರ್ಷವನ್ನು ಪ್ರಕಟಣೆಯ ವರ್ಷ ಎಂದು ತಿಳಿಯುವುದೂ ಉಂಟು. ಕೆ.ವಿ. ತಿರುಮಲೇಶರ ಅಕ್ಷಯ ಕಾವ್ಯಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2015ರಲ್ಲಿ, ಪುಸ್ತಕ ಅದಕ್ಕಿಂತ ಮೊದಲಿನದು. ಪುಸ್ತಕ ಕೈಯಲ್ಲಿದ್ದರೆ ಅದರೊಳಗಿನ ಮುದ್ರಣದ ವಿವರವೇ ಎಲ್ಲಕ್ಕಿಂತ ದೊಡ್ಡ ಸಾಕ್ಷಿ.

ಹುಟ್ಟಿದ, ತೀರಿಕೊಂಡ ವರ್ಷಗಳಿಗೆ ವಿಕಿಪೀಡಿಯದ ಬಳಗದ್ದೇ ಡೇಟಾಬೇಸ್ ಆದ ವಿಕಿಡೇಟಾವನ್ನೂ ನೋಡಿ. ಅಲ್ಲಿ ಲೇಖಕರ ಪುಟದಲ್ಲಿ ಹೆಸರು ಕನ್ನಡ ಲಿಪಿಯಲ್ಲೂ ಇರಬಹುದು, ಓಪನ್ ಲೈಬ್ರರಿ ಐಡಿಗೆ ಜಾಗವೂ ಇದೆ. ಎರಡು ಕಡೆಯ ಐಡಿ ಹೊಂದಿಕೊಂಡರೆ ಇಬ್ಬರೂ ಒಬ್ಬರೇ ಎಂಬ ಧೈರ್ಯ ಬರುತ್ತದೆ.

ಐಎಸ್‌ಬಿಎನ್ ಇದ್ದರೆ ಅದರಿಂದಲೇ ಹುಡುಕಿ, ಸ್ಪೆಲ್ಲಿಂಗಿನ ಗೋಜೇ ಇಲ್ಲ. 2007ರಿಂದ ಅದು 13 ಅಂಕಿ, ಮೊದಲು 10 ಇತ್ತು. ಭಾರತದ ಪುಸ್ತಕಗಳಲ್ಲಿ 978ರ ನಂತರ 81 ಅಥವಾ 93 ಬರುತ್ತದೆ. ಆದರೆ ನಮ್ಮ ಕಡೆ ಸಣ್ಣ ಪ್ರಕಾಶನಗಳು, ಸಂಘಗಳು, ಲೇಖಕರೇ ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದ ಪುಸ್ತಕಗಳು ತುಂಬಾ ಇವೆ. ಅವುಗಳಲ್ಲಿ ಎಷ್ಟೋ ಪುಸ್ತಕಗಳಿಗೆ ಐಎಸ್‌ಬಿಎನ್ ಇಲ್ಲ.

ಫೋನ್ ಮಾತ್ರ ಇದ್ದರೆ

ಮಕ್ಕಳಲ್ಲಿ ಹೆಚ್ಚಿನವರ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಅವರಿಗೆ ನಾನು ಹೇಳುವ ದಾರಿ ಬೇರೆ. ಫೋನಿನ ಬ್ರೌಸರಿನಲ್ಲಿ ಓಪನ್ ಲೈಬ್ರರಿ ತೆರೆದು ನೀವೇ ಹುಡುಕಿ. ಹುಡುಕುವ ಪೆಟ್ಟಿಗೆಯಲ್ಲಿ ಹೆಸರಿನ ಜೊತೆ ಇಂಗ್ಲಿಷಿನಲ್ಲಿ 'ಲ್ಯಾಂಗ್ವೇಜ್', ಕೋಲನ್, ಆಮೇಲೆ 'ಕೆಎಎನ್' ಎಂಬ ಮೂರು ಅಕ್ಷರ ಹಾಕಿದರೆ ಕನ್ನಡ ಪುಸ್ತಕಗಳು ಮಾತ್ರ ಬರುತ್ತವೆ. ಸಿಕ್ಕಿದ್ದನ್ನು ಕಾಪಿ ಮಾಡಿ ಎಐ ಆ್ಯಪಿಗೆ ಅಂಟಿಸಿ, "ಇದರಲ್ಲಿ ಇರುವುದನ್ನು ಮಾತ್ರ ಬಳಸಿ ಪಟ್ಟಿ ಮಾಡು" ಎನ್ನಿ. ಕೈಕೆಲಸ ಸ್ವಲ್ಪ ಜಾಸ್ತಿ, ಉತ್ತರ ಅಷ್ಟೇ ಗಟ್ಟಿ.

ಎಪಿಐ ಮೂಲಕ ಒಂದೇ ಸಲ ಸಾವಿರಾರು ಪುಸ್ತಕ ಎಳೆಯುವುದಕ್ಕೆ ಹೋಗಬೇಡಿ. ಅಷ್ಟು ಬೇಕಾದವರಿಗೆ ಅವರೇ ಪ್ರತಿ ತಿಂಗಳು ಇಡೀ ಕ್ಯಾಟಲಾಗನ್ನು ಇಳಿಸಿಕೊಳ್ಳಲು ಕೊಡುತ್ತಾರೆ.

ಸಿಗಲಿಲ್ಲ ಎಂದು ಬಂದರೆ

ನನಗೆ ಎಲ್ಲಕ್ಕಿಂತ ಮುಖ್ಯವಾದ ಉತ್ತರ ಇದು. ಪುಸ್ತಕ ನನ್ನ ಕೈಯಲ್ಲಿದೆ, ಕ್ಯಾಟಲಾಗಿನಲ್ಲಿ ಇಲ್ಲ ಎಂದಾದರೆ ಸೇರಿಸಬೇಕಾದವರು ನಾವೇ ಅಲ್ವಾ? ಬೆಂಗಳೂರಿನವರು ಬಂದು ನೀರ್ಚಾಲಿನಲ್ಲೋ ಪೆರ್ಲದಲ್ಲೋ ಅಚ್ಚಾದ ಪುಸ್ತಕ ಹುಡುಕಿ ಸೇರಿಸುತ್ತಾರೆ ಎಂದು ಕಾಯುವುದರಲ್ಲಿ ಅರ್ಥ ಇಲ್ಲ.

ಓಪನ್ ಲೈಬ್ರರಿಯಲ್ಲಿ ಉಚಿತ ಖಾತೆ ತೆರೆದು 'ಆ್ಯಡ್ ಬುಕ್' ಒತ್ತಿ. ಪುಸ್ತಕದ ಹೆಸರನ್ನು ಕನ್ನಡ ಲಿಪಿಯಲ್ಲೇ ಹಾಕಿ. ಲೇಖಕರ ಹೆಸರು ಟೈಪ್ ಮಾಡುವಾಗ ಕೆಳಗೆ ಪಟ್ಟಿ ಬರುತ್ತದೆ. ಅವರು ಆಗಲೇ ಇದ್ದರೆ ಆ ಪಟ್ಟಿಯಿಂದಲೇ ಆರಿಸಿ, ಹಾಗೆ ಆರಿಸದಿದ್ದರೆ ಅದೇ ಲೇಖಕರಿಗೆ ಇನ್ನೊಂದು ಐಡಿ ಹುಟ್ಟಿಕೊಳ್ಳುತ್ತದೆ. ಪ್ರಕಾಶಕರು ಮತ್ತು ವರ್ಷವನ್ನು ಪುಸ್ತಕ ನೋಡಿ ಹಾಕಿ. ಈ ಹಂತದಲ್ಲಿ ಎಐ ಕೊಟ್ಟ ಯಾವ ಮಾಹಿತಿಯನ್ನೂ ಹಾಕಬೇಡಿ. ಅದರ ಊಹೆ ಕ್ಯಾಟಲಾಗಿಗೆ ಹೋದರೆ, ನಾಳೆ ಬೇರೊಂದು ಎಐ ಅದನ್ನೇ ದಾಖಲೆ ಎಂದು ಓದುತ್ತದೆ.

ಆಮೇಲೆ ಲೇಖಕರ ಪುಟ ತೆರೆದು 'ಎಡಿಟ್' ಒತ್ತಿ. ಅಲ್ಲಿ ಬೇರೆ ಹೆಸರುಗಳನ್ನು ಬರೆಯುವುದಕ್ಕೆ ಒಂದು ಜಾಗ ಇದೆ. ಕನ್ನಡ ಲಿಪಿಯ ಹೆಸರು, ಇಂಗ್ಲಿಷಿನ ಎಲ್ಲ ಸ್ಪೆಲ್ಲಿಂಗ್‌ಗಳು, ಕಾವ್ಯನಾಮ ಇದ್ದರೆ ಅದು, ಮಲಯಾಳಂ ಲಿಪಿಯ ಹೆಸರು ಕೂಡ, ಒಂದೊಂದು ಸಾಲಿನಲ್ಲಿ ಒಂದೊಂದು ಹಾಕಿ. ಎಐ ಮಾಡಿಕೊಟ್ಟ ಸ್ಪೆಲ್ಲಿಂಗ್ ಪಟ್ಟಿಯಲ್ಲಿ ಯಾವುದಾದರೂ ಪುಸ್ತಕದ ಮೇಲೋ ದಾಖಲೆಯಲ್ಲೋ ನಿಜಕ್ಕೂ ಕಂಡದ್ದನ್ನು ಮಾತ್ರ ಹಾಕಿ. ಎರಡು ಐಡಿ ಸಿಕ್ಕಿದ್ದರೆ ಎರಡನ್ನೂ ಸೇರಿಸಿ ಒಂದು ಮಾಡಲು ಅಲ್ಲಿನ ಸ್ವಯಂಸೇವಕ ಲೈಬ್ರೇರಿಯನ್ನರಿಗೆ ಬರೆಯಿರಿ, ಎರಡೂ ಪುಟಗಳ ಲಿಂಕ್ ಕೊಡಿ.

ಸೇವ್ ಮಾಡುವ ಮೊದಲು ಕೆಳಗಿನ ಪೆಟ್ಟಿಗೆಯಲ್ಲಿ ಯಾಕೆ ತಿದ್ದಿದಿರಿ ಎಂದು ಒಂದು ಸಾಲು ಬರೆಯಿರಿ. "ಪುಸ್ತಕ ನೋಡಿ ಸೇರಿಸಿದ್ದು" ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಬರೆದರೆ ಸಾಕು. ಹುಡುಕಾಟದಲ್ಲಿ ಹೊಸದು ಕಾಣಲು ಸ್ವಲ್ಪ ಹೊತ್ತು ಬೇಕಾಗಬಹುದು. ಆಮೇಲೆ ಎಐಗೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ, ಈ ಸಲ ನೀವು ಸೇರಿಸಿದ ದಾಖಲೆಯ ಐಡಿ ಬರುತ್ತದೋ ನೋಡಿ.